ಸಲಾಹ್ ಸಹಿ ಹಾಕಲು ಅಷ್ಟು ತಡವಾದದ್ದು ಯಾಕೆ?

ಗೋಲು ಹೊಡೆದು ಮೈದಾನದಲ್ಲೇ ಸುಜೂದ್‌ಗೆ ಬೀಳುವ ಮುಹಮ್ಮದ್ ಸಲಾಹ್‌ರನ್ನು ಫುಟ್ಬಾಲ್ ಅಂದರೆ ಏನೆಂದೇ ತಿಳಿಯದ ಉಮ್ಮಂದಿರೂ ಗುರುತು ಹಿಡಿಯುತ್ತಾರೆ. ಅವರ ಗೋಲುಗಳ ಲೆಕ್ಕ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಅದೇ ಸಲಾಹ್ ತನ್ನ ದುಡಿಮೆಯ ಬೆಲೆಯನ್ನು ಕ್ಲಬ್ ಜೊತೆ ಹೇಗೆ ಮಾತಾಡಿ ಪಡೆದರು ಎಂಬ ಕತೆ ಹೆಚ್ಚಿನವರಿಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಮಗೆ ಉಪಯೋಗಕ್ಕೆ ಬರುವುದು ಈ ಕತೆಯೇ. ಗೋಲು ಹೊಡೆಯುವವರು ನಮ್ಮಲ್ಲಿ ಕಡಿಮೆ, ಕರಾರಿಗೆ ಸಹಿ ಹಾಕಿ ಗಲ್ಫಿಗೆ ಹೋಗುವವರು ಮನೆಗೊಬ್ಬರು.

ಮೊದಲು ನಿಯಮ ತಿಳಿದುಕೊಳ್ಳೋಣ. ಹಿಂದೆ ಯುರೋಪಿನಲ್ಲಿ ಕರಾರು ಮುಗಿದ ಮೇಲೂ ಹಳೆಯ ಕ್ಲಬ್ ಆಟಗಾರನ ಮೇಲೆ ಹಣ ಕೇಳಬಹುದಿತ್ತು. ಆ ಹಣ ಸಿಗದಿದ್ದರೆ ಅವನು ಬೇರೆ ಕಡೆ ಹೋಗುವ ಹಾಗಿರಲಿಲ್ಲ. ಬೆಲ್ಜಿಯಂನ ಜೀನ್ ಮಾರ್ಕ್ ಬೋಸ್ಮನ್ ಎಂಬ ಆಟಗಾರ ಇದರ ವಿರುದ್ಧ ಕೋರ್ಟಿಗೆ ಹೋದರು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಅಂದಿನಿಂದ ಲೆಕ್ಕ ಬದಲಾಯಿತು. ಕರಾರು ಮುಗಿದರೆ ಆಟಗಾರ ಸ್ವತಂತ್ರ, ಹಳೆಯ ಕ್ಲಬ್‌ಗೆ ಒಂದು ಪೈಸೆಯೂ ಇಲ್ಲ. ಕೊನೆಯ ಆರು ತಿಂಗಳಲ್ಲಿ ಬೇರೆ ದೇಶದ ಕ್ಲಬ್ ಜೊತೆ ಮುಂಗಡ ಒಪ್ಪಂದವನ್ನೂ ಮಾಡಿಕೊಳ್ಳಬಹುದು. ಹಾಗಾಗಿ ಕರಾರಿನಲ್ಲಿ ಸಂಬಳದಷ್ಟೇ ಮುಖ್ಯ ಅದು ಮುಗಿಯುವ ತಾರೀಕು. ದಿನ ಹತ್ತಿರ ಬಂದಷ್ಟೂ ಕ್ಲಬ್‌ಗೆ ಚಿಂತೆ. ಆಟಗಾರನಿಗೂ ಅಪಾಯ ಇಲ್ಲವೆಂದಲ್ಲ, ನಡುವೆ ಕಾಲು ಮುರಿದರೆ ಬರುವವರು ಯಾರು?

ಈಜಿಪ್ಟಿನ ನಗ್ರಿಗ್ ಎಂಬ ಹಳ್ಳಿಯ ಸಲಾಹ್ ಲಿವರ್‌ಪೂಲ್ ಸೇರಿದ್ದು 2017ರಲ್ಲಿ. ಮೊದಲ ವರ್ಷವೇ ಲೀಗಿನಲ್ಲಿ 32 ಗೋಲು. ಕ್ಲಬ್ ತಡ ಮಾಡಲಿಲ್ಲ, 2018ರ ಜುಲೈಯಲ್ಲಿ 2023ರ ತನಕದ ಹೊಸ ಕರಾರು ಮಾಡಿಕೊಂಡಿತು. ಎರಡನೇ ಸಲ ವಿಷಯ ಅಷ್ಟು ಸುಲಭವಾಗಲಿಲ್ಲ. ಸಲಾಹ್‌ಗೆ 30 ತುಂಬುತ್ತಿತ್ತು. ಆ ವಯಸ್ಸಿನವರಿಗೆ ದೊಡ್ಡ ಸಂಬಳದ ದೀರ್ಘ ಕರಾರು ಕೊಡಲು ಲಿವರ್‌ಪೂಲ್ ಮಾಲಕರು ಹಿಂದೇಟು ಹಾಕುವವರು. 2022ರ ಮಾರ್ಚ್‌ನಲ್ಲಿ ಕೋಚ್ ಯೂರ್ಗನ್ ಕ್ಲಾಪ್, ಕ್ಲಬ್ ತನ್ನಿಂದಾದದ್ದನ್ನು ಮಾಡಿದೆ ಎಂಬ ಅರ್ಥದಲ್ಲಿ ಮಾತಾಡಿದರು. ಸಲಾಹ್‌ರ ಏಜೆಂಟ್ ರಾಮಿ ಅಬ್ಬಾಸ್ ಟ್ವಿಟರ್‌ನಲ್ಲಿ ಉತ್ತರ ಬರೆಯಲಿಲ್ಲ, ನಗುವ ಚಿತ್ರ ಹಾಕಿದರು, ಅಷ್ಟೇ. ಕೊನೆಗೆ ಜುಲೈ 1ರಂದು ಮೂರು ವರ್ಷಕ್ಕೆ ಸಹಿಯಾಯಿತು. ವಾರಕ್ಕೆ 3.5 ಲಕ್ಷ ಪೌಂಡ್‌ಗೂ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಈ ಮಾತುಕತೆಯನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಪ್ರೊಫೆಸರ್ ಅನಿತಾ ಎಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಗೆ ಪಾಠವನ್ನಾಗಿ ಮಾಡಿದ್ದಾರೆ.

ಅಬ್ಬಾಸ್ ಕೊಲಂಬಿಯಾದ ವಕೀಲರು. ಸಲಾಹ್ ಆಡುವುದನ್ನು ನೋಡಿಕೊಂಡರು, ಕಾಗದದ ಪ್ರತಿ ಸಾಲನ್ನು ವಕೀಲರು ನೋಡಿಕೊಂಡರು. ದೊಡ್ಡ ಆಟಗಾರನ ಕರಾರೆಂದರೆ ಸಂಬಳ ಮಾತ್ರ ಅಲ್ಲ. ಗೋಲಿಗೆ ಬೋನಸ್, ಕಪ್ ಗೆದ್ದರೆ ಬೋನಸ್, ಜಾಹೀರಾತಿನಲ್ಲಿ ಆಟಗಾರನ ಮುಖ ಬಳಸುವ ಹಕ್ಕು ಯಾರದ್ದು, ಎಲ್ಲವೂ ಅದರಲ್ಲಿ ಬರುತ್ತದೆ.

ಮೂರನೇ ಸುತ್ತಿನ ಮಾತುಕತೆಗೆ ಮೊದಲು ಸೌದಿ ಅರೇಬಿಯಾ ನಡುವೆ ಬಂತು. ನಮ್ಮವರು ಬಹಳ ಮಂದಿ ದುಡಿಯುವ ಜಿದ್ದಾ ನಗರದ ಅಲ್ ಇತ್ತಿಹಾದ್ ಕ್ಲಬ್ 2023ರ ಸೆಪ್ಟಂಬರ್‌ನಲ್ಲಿ ಸಲಾಹ್‌ಗಾಗಿ 15 ಕೋಟಿ ಪೌಂಡ್ ಕೊಡಲು ಮುಂದಾಯಿತೆಂದು ವರದಿಯಾಯಿತು. ಲಿವರ್‌ಪೂಲ್ ಒಪ್ಪಲಿಲ್ಲ. ಮರು ವರ್ಷ 2024ರ ಸೆಪ್ಟಂಬರ್ 1ರಂದು ಮ್ಯಾಂಚೆಸ್ಟರ್ ಯುನೈಟೆಡನ್ನು ಅವರದೇ ಮೈದಾನದಲ್ಲಿ 3-0ಯಿಂದ ಸೋಲಿಸಿದ ಬಳಿಕ ಸಲಾಹ್ ಟಿವಿಯವರ ಎದುರು ಬಾಯಿ ಬಿಟ್ಟರು. ಇದು ತನ್ನ ಕೊನೆಯ ವರ್ಷ, ಕರಾರಿನ ಬಗ್ಗೆ ಕ್ಲಬ್‌ನಿಂದ ಯಾರೂ ಮಾತಾಡಿಲ್ಲ ಎಂದರು. ನವೆಂಬರ್‌ನಲ್ಲಿ ಸೌತಾಂಪ್ಟನ್ ವಿರುದ್ಧ ಎರಡು ಗೋಲು ಹೊಡೆದ ದಿನ, ಉಳಿಯುವುದಕ್ಕಿಂತ ಹೋಗುವ ಸಾಧ್ಯತೆಯೇ ಹೆಚ್ಚು ಎಂದರು.

ಗಮನಿಸಿ, ಎರಡು ಸಲವೂ ಬಾಯಿ ಬಿಟ್ಟದ್ದು ಗೆದ್ದ ದಿನ. ಕರಾರು ಆಗಿಲ್ಲವೆಂದು ಅವರು ಕೆಲಸದಲ್ಲಿ ಕೈ ಹಿಡಿಯಲಿಲ್ಲ. ಆ ವರ್ಷ ಲೀಗಿನಲ್ಲಿ 29 ಗೋಲು ಹೊಡೆದರು, 18 ಗೋಲಿಗೆ ನೆರವಾದರು. ಪ್ರತೀ ಗೋಲು ಮೇಜಿನ ಮೇಲೆ ಇಟ್ಟ ಒಂದು ವಾದದಂತೆ. 2025ರ ಎಪ್ರಿಲ್ 11ರಂದು ಕ್ಲಬ್ ಎರಡು ವರ್ಷದ ಹೊಸ ಕರಾರನ್ನು ಪ್ರಕಟಿಸಿತು. ಹದಿನಾರು ದಿನದಲ್ಲಿ ಲಿವರ್‌ಪೂಲ್ ತನ್ನ 20ನೇ ಲೀಗ್ ಕಿರೀಟ ಗೆದ್ದಿತು.

ಕ್ಲಬ್‌ನವರು ಕಂಜೂಸಿಗಳು ಅಂತ ಹೇಳಿಬಿಡುವುದು ಸುಲಭ. 33ಕ್ಕೆ ಕಾಲಿಡುವ ಆಟಗಾರನ ಓಟ ಯಾವ ದಿನ ಕಡಿಮೆಯಾಗುತ್ತದೆಂದು ಯಾರಿಗೂ ಗೊತ್ತಿಲ್ಲ, ಸಂಬಳ ಮಾತ್ರ ಕೊನೆಯ ದಿನದ ತನಕ ಕೊಡಲೇಬೇಕು. ಆದರೆ ಕಾಯುವುದಕ್ಕೂ ಬೆಲೆ ಇದೆ. ಅದೇ ವರ್ಷ ಕರಾರು ಮುಗಿಯುತ್ತಿದ್ದ, ಅದೇ ಊರಿನಲ್ಲಿ ಹುಟ್ಟಿ ಬೆಳೆದ ಟ್ರೆಂಟ್ ಅಲೆಕ್ಸಾಂಡರ್ ಅರ್ನಾಲ್ಡ್ ಹೊಸ ಸಹಿ ಹಾಕದೆ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಕೆಲವು ವಾರ ಮೊದಲೇ ಬಿಟ್ಟುಕೊಟ್ಟದ್ದಕ್ಕೆ ಕ್ಲಬ್‌ಗೆ ಸಿಕ್ಕಿದ್ದು ಸುಮಾರು ಒಂದು ಕೋಟಿ ಯೂರೋ ಎಂದು ವರದಿ. ಅಂಥ ಆಟಗಾರನಿಗೆ ಅದು ಚಿಲ್ಲರೆ ಕಾಸು.

ಲೆಕ್ಕದ ಪುಸ್ತಕಕ್ಕೆ ಸಿಗದ ಬೆಲೆಯೂ ಒಂದಿದೆ. ಸಲಾಹ್ ಬಂದ ಮೇಲೆ ಲಿವರ್‌ಪೂಲ್ ಇರುವ ಮರ್ಸಿಸೈಡ್ ಪ್ರದೇಶದಲ್ಲಿ ದ್ವೇಷದ ಅಪರಾಧಗಳು ಅಂದಾಜು ಶೇ.16ರಷ್ಟು ಇಳಿದವೆಂದು ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಡುಕೊಂಡರು. ಇದಕ್ಕೆ ಯಾವ ಕರಾರಿನಲ್ಲಿ ಬೋನಸ್ ಬರೆಯುತ್ತಾರೆ?

ಸಹಿ ಬಿದ್ದ ಮೇಲೆ ಎಲ್ಲ ಸುಖವಾಯಿತೆಂದೂ ಅಲ್ಲ. 2025ರ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದ ತನಕ ಕೋಚ್ ಆರ್ನೆ ಸ್ಲಾಟ್ ಸಾಲಾಗಿ ಮೂರು ಪಂದ್ಯಗಳಲ್ಲಿ ಸಲಾಹ್‌ರನ್ನು ಮೊದಲ ಹನ್ನೊಂದರಿಂದ ಹೊರಗಿಟ್ಟರು. ಸಲಾಹ್ ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು. ಕರಾರಿನಲ್ಲಿ ಸಂಬಳ ಬರೆಯಬಹುದು, ತಂಡದಲ್ಲಿ ಜಾಗ ಬರೆಯಲಾಗದು. ಮರ್ಯಾದೆ, ವಿಶ್ವಾಸ ಇವೆಲ್ಲ ದಿನಾಲೂ ಉಳಿಸಿಕೊಳ್ಳಬೇಕಾದವು.

ಈಗ ನಮ್ಮ ವಿಷಯಕ್ಕೆ ಬರೋಣ. ಸಲಾಹ್‌ರ ಸಂಬಳಕ್ಕೂ ನಮ್ಮ ಹುಡುಗರ ಸಂಬಳಕ್ಕೂ ಹೋಲಿಕೆಯೇ ಇಲ್ಲ, ಸರಿ. ಆದರೆ ಕಾಗದ ಕಾಗದವೇ. ವೀಸಾ ಬಂತು ಎಂಬ ಖುಷಿಯಲ್ಲಿ ಓದದೆ ಸಹಿ ಹಾಕಿ, ಅಲ್ಲಿಗೆ ಹೋದ ಮೇಲೆ ಕೆಲಸ ಬೇರೆ, ಸಂಬಳ ಬೇರೆ ಅಂತ ಮನೆಗೆ ಫೋನ್ ಮಾಡುವ ಮಕ್ಕಳು ಎಷ್ಟಿಲ್ಲ? ಯುಎಇಯಲ್ಲಿ 2022ರ ಫೆಬ್ರವರಿಯಿಂದ ಖಾಸಗಿ ಕೆಲಸದ ಕರಾರುಗಳೆಲ್ಲ ನಿಗದಿತ ಅವಧಿಯವು. ಪರೀಕ್ಷಾ ಅವಧಿ ಆರು ತಿಂಗಳು ಮೀರುವಂತಿಲ್ಲ. ಆ ಬಳಿಕ ಕೆಲಸ ಬಿಡುವುದಿದ್ದರೆ 30ರಿಂದ 90 ದಿನದ ನೋಟಿಸ್. ಅಲ್ಲಿನ ಸರಕಾರದ ಆಫರ್ ಲೆಟರ್ ಅರಬಿ, ಇಂಗ್ಲಿಷ್ ಅಲ್ಲದೆ ಮಲಯಾಳಂ, ಹಿಂದಿ, ಉರ್ದುವಿನಲ್ಲೂ ಸಿಗುತ್ತದೆ. ಕೇಳಿ ಪಡೆಯಬೇಕು.

ಕುರ್‌ಆನಿನ ಅತಿ ಉದ್ದದ ಆಯತ್, ಸೂರಃ ಅಲ್ ಬಖರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ಸಾಕ್ಷಿಗಳಿರಬೇಕು, ತಾನಾಗಿ ಹೇಳಿ ಬರೆಸಲು ಆಗದವನ ಪರವಾಗಿ ಜವಾಬ್ದಾರ ವ್ಯಕ್ತಿ ನ್ಯಾಯವಾಗಿ ಬರೆಸಬೇಕು ಎಂಬ ಮಾತೂ ಅಲ್ಲಿ ಬರುತ್ತದೆ. ನಮ್ಮ ಹುಡುಗರಿಗೆ ರಾಮಿ ಅಬ್ಬಾಸ್‌ನಂಥ ವಕೀಲರು ಸಿಗಲಿಕ್ಕಿಲ್ಲ. ಆದರೆ ಪ್ರತೀ ಜಮಾಅತ್‌ನಲ್ಲಿ ಓದಿದ ಹುಡುಗ, ಹುಡುಗಿಯರಿದ್ದಾರೆ, ವಕೀಲರಿದ್ದಾರೆ, ಗಲ್ಫಿನಲ್ಲಿ ದುಡಿದು ಮರಳಿದ ಹಿರಿಯರಿದ್ದಾರೆ. ಸಹಿ ಹಾಕುವ ಮೊದಲು ಕಾಗದವನ್ನು ಅವರ ಮುಂದೆ ಇಡಿ. ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ, ಕರಾರು ಯಾವತ್ತು ಮುಗಿಯುತ್ತದೆ, ಮುಗಿದ ಮೇಲೆ ಏನು ಅಂತಲೂ ಕೇಳಿ.