ಸೋರೆಕಾಯಿ: ಮೊದಲ ಚೂರು ನಾಲಗೆಗೆ

ಮಳವಳ್ಳಿ ಸೀಮೆಯಲ್ಲಿ ಸೋರೆಕಾಯಿ ಹೆಚ್ಚಲು ಕೂತವರು ಮೊದಲು ತೊಟ್ಟಿನ ಕಡೆಯ ಒಂದು ಚೂರು ಕೊಯ್ದು ನಾಲಗೆಗೆ ತಾಗಿಸುತ್ತಾರೆ. ಕಹಿಯಿದ್ದರೆ ಕಾಯಿ ಸೀದಾ ತಿಪ್ಪೆಗೆ. ಮುದ್ದೆಗೆ ಮಾಡಿದ ಸಾರು ಕೆಟ್ಟೀತು ಎಂಬ ಭಯ ಅವರದು. ಕೆಡುವುದು ಸಾರೊಂದೇ ಅಲ್ಲ.

ಆಫ್ರಿಕಾ ಮೂಲದ ಈ ಬಳ್ಳಿಯನ್ನು ಮನುಷ್ಯ ಮೊದಲು ಒಲಿಸಿಕೊಂಡದ್ದು ಹೊಟ್ಟೆಗಿಂತ ಹೆಚ್ಚಾಗಿ ಬುರುಡೆಗಾಗಿ. ನಮ್ಮಲ್ಲೂ ಬಿತ್ತನೆ ಬೀಜ ಕಾದದ್ದು ಸೋರೆಬುರುಡೆ. ಹೊಳೆ ದಡದ ಹುಡುಗರು ಈಜು ಕಲಿತದ್ದು ಅದನ್ನೇ ಕಟ್ಟಿಕೊಂಡು. ಮಿರಜಿನ ತಂಬೂರಿ ಕಸುಬುದಾರರು ಇವತ್ತಿಗೂ ಕಹಿ ತಳಿಯ ಬುರುಡೆಯನ್ನೇ ಆರಿಸುತ್ತಾರೆ, ಅದಕ್ಕೆ ಹುಳು ಹಿಡಿಯುವುದು ಕಡಿಮೆ. ಹುಳುವನ್ನು ದೂರವಿಡುವ ಆ ಕಹಿಯ ಹೆಸರು ಕುಕುರ್ಬಿಟಾಸಿನ್. ಮನುಷ್ಯನಿಗೂ ಅದು ವಿಷ, ಬೇಯಿಸಿದರೂ ಹೋಗುವುದಿಲ್ಲ.

ತಲೆತಲಾಂತರದಿಂದ ಸಪ್ಪೆಕಾಯಿಯ ಬೀಜವನ್ನೇ ಎತ್ತಿಟ್ಟು ರೈತರು ಅಡುಗೆ ಸೋರೆಯನ್ನು ರೂಪಿಸಿದರು. ಆದರೂ ಕಹಿ ಪೂರ್ತಿ ತೊಲಗಲಿಲ್ಲ. ಸೋರೆ ಹೂವು ಅರಳುವುದು ಸಂಜೆ. ಪರಾಗ ಹೊರುವುದು ರಾತ್ರಿ ಹಾರುವ ಪತಂಗ. ಬೇಲಿಯ ಕಹಿಬಳ್ಳಿಯಿಂದ ಅದು ಪರಾಗ ತಂದರೆ ಈ ಸಲದ ಕಾಯಿ ಸಪ್ಪೆಯಾಗಿಯೇ ಇರುತ್ತದೆ, ಅದರ ಬೀಜದಿಂದ ಹುಟ್ಟಿದ ಬಳ್ಳಿ ಕಹಿಕಾಯಿ ಬಿಡುತ್ತದೆ. ತಿಪ್ಪೆಯಲ್ಲಿ ತಾನಾಗಿ ಎದ್ದ ಬಳ್ಳಿಯನ್ನು ನಂಬಬಾರದು ಎನ್ನುವುದು ಇದಕ್ಕೇ. ಬಿಸಿಲು, ನೀರಿನ ಕೊರತೆಯೂ ಕಹಿ ಏರಿಸುತ್ತವೆ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಮಳವಳ್ಳಿಗೆ ನೀರಿನ ಕೊರತೆ ಹೊಸದೇನಲ್ಲ.

ಅಪಾಯ ದೊಡ್ಡದಾದದ್ದು ಸೋರೆ ಸಾರಿನ ಮಡಕೆಯಿಂದ ಮಿಕ್ಸಿ ಜಾರಿಗೆ ಬಂದಾಗ. ಬೆಳಗಿನ ರಸ ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆ ಹಬ್ಬಿತು. ಸಾರು ಕಹಿಯಾದರೆ ಯಾರೂ ಉಣ್ಣುವುದಿಲ್ಲ; ರಸ ಕಹಿಯಾದರೆ ಔಷಧ ಅಂತ ಕಣ್ಣುಮುಚ್ಚಿ ಕುಡಿಯುತ್ತೇವೆ! 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಸೋರೆ, ಹಾಗಲ ಬೆರೆಸಿದ ರಸ ಕುಡಿದು ತೀರಿಕೊಂಡರು. ಹಾಗಲದ ಕಹಿ ಬೇರೆ ಜಾತಿಯದು. ಆದರೆ ಅದರ ಜೊತೆ ಸೋರೆಯ ಕಹಿ ಗೊತ್ತಾಗುವುದು ಹೇಗೆ? ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಕೊಟ್ಟ ಸಲಹೆ, ನಮ್ಮ ಹಳ್ಳಿಯ ಅಡುಗೆಮನೆಯದೇ: ಮೊದಲು ಚೂರು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ. ಬೇರೆ ರಸ ಬೆರೆಸಬೇಡಿ ಎಂಬುದನ್ನೂ ಸಮಿತಿ ಸೇರಿಸಿತು.

ಕಹಿ ಸೋರೆ ಒಳಗೆ ಹೋಗಿ ವಾಂತಿ, ಭೇದಿ, ಹೊಟ್ಟೆನೋವು ಶುರುವಾದರೆ ಮನೆಮದ್ದು ಹುಡುಕುತ್ತ ಕೂರಬೇಡಿ. ರಕ್ತ ವಾಂತಿಯಾಗಿ ರಕ್ತದೊತ್ತಡ ಕುಸಿಯಬಹುದು, ಇದಕ್ಕೆ ಪ್ರತಿವಿಷವಿಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಅಂತ ವೈದ್ಯರಿಗೆ ಹೇಳಿ.