ಸ್ಟ್ಯಾಂಡರ್ಡ್ ಎಂಬ ಶಬ್ದವೂ ಗರಗದ ಅರಿವೆಯೂ

ಮಗಳನ್ನು ಶಾಲೆಗೆ ಹಚ್ಚಲು ಬಂದ ತಾಯಿಯು, "ಇವಳನ್ನು ಯಾವ ಸ್ಟ್ಯಾಂಡರ್ಡಿಗೆ ಕೂಡ್ರಿಸುವಿರಿ?" ಎಂದು ಕೇಳುವಳು. ಪೇಟೆಯ ಅಂಗಡಿಕಾರನು, "ಇದು ಸ್ಟ್ಯಾಂಡರ್ಡ್ ಮಾಲು" ಎನ್ನುವನು. ಬೀಗತನದ ಮಾತು ಬಂದಾಗ ಹಿರಿಯರು, "ಆ ಮನೆಯವರಿಗೆ ಸ್ಟ್ಯಾಂಡರ್ಡ್ ಇಲ್ಲ" ಎಂದುಬಿಡುವರು. ಒಂದೇ ಆಂಗ್ಲ ಶಬ್ದವು ಹೀಗೆ ಮೂರು ಬಾಯಿಗಳಲ್ಲಿ ಮೂರು ಅರ್ಥಗಳನ್ನು ತಾಳಿರುವದು. ಇದರ ಮೂಲವನ್ನೂ ಕವಲುಗಳನ್ನೂ ಸ್ವಲ್ಪ ವಿಚಾರಿಸೋಣ.

ಈ ಶಬ್ದದ ಹಳೆಯ ಅರ್ಥವು ಧ್ವಜವೆಂದು. ಇದು ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದುದು; ಇದರೊಳಗೆ 'ಗಟ್ಟಿಯಾಗಿ ನಿಲ್ಲು' ಎಂಬ ಭಾವವು ಅಡಗಿರಬೇಕೆಂದು ಭಾಷಾಪಂಡಿತರು ಊಹಿಸುವರು. 1138ರಲ್ಲಿ ಇಂಗ್ಲೆಂಡಿನ ನಾರ್ಥಲರ್ಟನ್ ಎಂಬಲ್ಲಿ ನಡೆದ ಯುದ್ಧದಲ್ಲಿ ಆಂಗ್ಲರು ಹಡಗಿನ ಹಾಯಿಗಂಬವೊಂದನ್ನು ಬಂಡಿಯ ಮೇಲೆ ನಿಲ್ಲಿಸಿ ಧ್ವಜಗಳನ್ನು ಕಟ್ಟಿದರು. ಆ ಯುದ್ಧಕ್ಕೆ 'ಸ್ಟ್ಯಾಂಡರ್ಡಿನ ಯುದ್ಧ'ವೆಂದೇ ಹೆಸರಾಯಿತು. ಬಟಾಣಿ ಜಾತಿಯ ಹೂವಿನಲ್ಲಿ ಮೇಲೆದ್ದು ನಿಂತ ದೊಡ್ಡ ಎಸಳಿಗೂ ಇದೇ ಹೆಸರು; ಕನ್ನಡದಲ್ಲಿ ಅದನ್ನು ಧ್ವಜದಳವೆನ್ನುವರು.

ಅರಸನ ಧ್ವಜವು ನಿಂತಲ್ಲಿ ಅರಸನ ಅಧಿಕಾರವು. ಅಳತೆ ತೂಕಗಳನ್ನು ಗೊತ್ತುಪಡಿಸುವ ಅಧಿಕಾರವೂ ಅವನದೇ ಆದದ್ದರಿಂದ ಧ್ವಜದ ಹೆಸರು ಮೂಲ ಅಳತೆಗೂ ಸಂದಿತೆಂದು ತೋರುವದು. ನಮ್ಮ ಗಡಿಯಾರಗಳು ಅನುಸರಿಸುವ ಸ್ಟ್ಯಾಂಡರ್ಡ್ ವೇಳೆಯು 1906ರಲ್ಲಿ ಆರಂಭವಾದ ಇಂಥದೊಂದು ಅಳತೆ. ಅದು ಪೂರ್ವ ರೇಖಾಂಶ 82½ ಅಂಶದ ವೇಳೆಯಾದ ಕಾರಣ ಧಾರವಾಡದಲ್ಲಿ ಸೂರ್ಯನು ನೆತ್ತಿಗೇರುವದು ಸುಮಾರು ಹನ್ನೆರಡೂವರೆಗೆ. ಇನ್ನು ಶಾಲೆಯ ಇಯತ್ತೆ. 1862ರ ಇಂಗ್ಲೆಂಡಿನ ಶಿಕ್ಷಣ ನಿಯಮಾವಳಿಯು ಓದು, ಬರಹ, ಲೆಕ್ಕಗಳಿಗೆ ಆರು ಸ್ಟ್ಯಾಂಡರ್ಡುಗಳನ್ನು ವಿಧಿಸಿತು. ಮಕ್ಕಳು ಪರೀಕ್ಷೆಯಲ್ಲಿ ತೇರ್ಗಡೆಯಾದಂತೆ ಶಾಲೆಗೆ ಸರಕಾರದ ಹಣವು ದೊರೆಯುತ್ತಿತ್ತು. ಅಳತೆಯು ಕಲಿಕೆಗೆ ಇದ್ದಿತೇ ಹೊರತು ಮಗುವಿನ ಮನೆತನಕ್ಕೆ ಅಲ್ಲ.

ಧ್ವಜ, ಅಳತೆ ಎಂಬ ಎರಡು ಅರ್ಥಗಳೂ ಒಂದೇ ಕಡೆಗೆ ಕೂಡಿದ ಊರು ದೂರವಿಲ್ಲ. ಅದು ಧಾರವಾಡ ತಾಲೂಕಿನ ಗರಗ. 1947ರ ಜುಲೈ 22ರಂದು ಸಂವಿಧಾನ ಸಭೆಯು ತ್ರಿವರ್ಣ ಧ್ವಜವನ್ನು ಅಂಗೀಕರಿಸಿತು. ಅದೇ ವರ್ಷ ಸರಕುಗಳ ಗುಣವನ್ನು ಗೊತ್ತುಪಡಿಸಲು ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಶನ್ ಎಂಬ ಸಂಸ್ಥೆಯೂ ಹುಟ್ಟಿತು. 1951ರಲ್ಲಿ ಅದು ರಾಷ್ಟ್ರಧ್ವಜಕ್ಕೆ ನಿಯಮಗಳನ್ನು ಪ್ರಕಟಿಸಿತು. ಆ ಸ್ಟ್ಯಾಂಡರ್ಡಿನ ಕ್ರಮಾಂಕವು 1. ಧ್ವಜದ ಉದ್ದ ಎತ್ತರಗಳು 3ಕ್ಕೆ 2ರಂತೆ ಇರಬೇಕು, ಚಕ್ರಕ್ಕೆ 24 ಅರಗಳಿರಬೇಕು, ಅರಿವೆಯ ತೂಕ, ಎಳೆಗಳ ಸಂಖ್ಯೆ, ಬಲ, ಬಣ್ಣ ಎಲ್ಲವೂ ಪರೀಕ್ಷೆಗೆ ನಿಲ್ಲಬೇಕು. ಗರಗದ ಕ್ಷೇತ್ರೀಯ ಸೇವಾ ಸಂಘದಲ್ಲಿ ಈ ಧ್ವಜದ ಖಾದಿಯನ್ನು ನೂತು ನೆಯ್ಯುತ್ತ ಬಂದಿರುವರು. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಧ್ವಜಗಳನ್ನು ಹೊಲಿಯುವರು. ಈ ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. 2021ರ ಡಿಸೆಂಬರದಲ್ಲಿ ಧ್ವಜಸಂಹಿತೆಯು ತಿದ್ದುಪಡಿಯಾಗಿ ಯಂತ್ರದ ಅರಿವೆಗೂ ಪಾಲಿಯೆಸ್ಟರಿಗೂ ಅನುಮತಿ ದೊರೆತದ್ದರಿಂದ ಈ ಕೈಗಳಿಗೆ ಕೆಲಸವು ಕಡಿಮೆಯಾದೀತೆಂಬ ಚಿಂತೆಯೂ ಹುಟ್ಟಿರುವದು.

ಇಂಗ್ಲಿಷು ಬಾರದ, ಹಳ್ಳಿಯ ಸೀರೆಯುಟ್ಟ ಇಂಥ ತಾಯಿಯು ಶಾಲೆಯ ಬಾಗಿಲಿಗೆ ಬಂದರೆ "ಸ್ಟ್ಯಾಂಡರ್ಡ್ ಇಲ್ಲದವಳು" ಎಂದು ಪಿಸುಗುಡುವವರು ನಮ್ಮಲ್ಲಿ ಇಲ್ಲದಿಲ್ಲ. ಆ ಮಾತನ್ನು ಕೇಳಿದ ಮಗಳು ತಾಯಿಯ ಕೈ ಬಿಟ್ಟು ದೂರ ನಿಲ್ಲುವಳು. ಆದರೆ ದೇಶದ ಮೊದಲನೆಯ ಸ್ಟ್ಯಾಂಡರ್ಡಿಗೆ ಒಪ್ಪುವ ನೂಲನ್ನು ತೆಗೆದದ್ದು ಅಂಥ ಕೈಯೇ. ಆದದ್ದರಿಂದ, ತಾಯಿತಂದೆಗಳೇ, ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಈ ಶಬ್ದವನ್ನು ಉಡುಪಿಗೂ ಮನೆತನಕ್ಕೂ ಕಟ್ಟದೆ ಮಾಡಿದ ಕೆಲಸಕ್ಕೆ ಕಟ್ಟಿರಿ. ಹಾಗೆ ಮಾಡಿದರೆ ಮಗಳು ತಾಯಿಯ ಕೈ ಹಿಡಿದೇ ಶಾಲೆಯೊಳಗೆ ಬರುವಳು.