ಕಾರಿನ ಇಂಜಿನ್‌ಗೆ ಕಾರ್ಬನ್ ಫೈಬರ್ ಗಾಳಿ ಕೊಳವೆ: ತಯಾರಿಕೆ, ಜೋಡಣೆ ಮತ್ತು ನಿಯಮಗಳ ಬಗ್ಗೆ ವಾಹನ ಮಾಲೀಕರಿಗೆ ಮಾಹಿತಿ

ಪುರವರ ಹೋಬಳಿಯೂ ಸೇರಿದಂತೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕೆಎ-64 ನೋಂದಣಿ ಸಂಖ್ಯೆಯ ಖಾಸಗಿ ಕಾರುಗಳನ್ನು ಹೊಂದಿರುವವರು, ಇಂಜಿನ್‌ಗೆ ಗಾಳಿ ಒದಗಿಸುವ ಮೂಲ ಪ್ಲಾಸ್ಟಿಕ್ ಕೊಳವೆಯನ್ನು ತೆಗೆದು ಕಾರ್ಬನ್ ಫೈಬರ್ ಕೊಳವೆಯನ್ನು ಸ್ವಂತವಾಗಿ ತಯಾರಿಸಿ ಅಥವಾ ತಯಾರಿಸಿಕೊಂಡು ಅಳವಡಿಸಲು ಬಯಸಿದಲ್ಲಿ, ಆ ಕಾರ್ಯಕ್ಕೆ ತೊಡಗುವ ಮೊದಲು ತಿಳಿದಿರಬೇಕಾದ ತಾಂತ್ರಿಕ ಹಾಗೂ ಕಾನೂನಿನ ಅಂಶಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಕೊಳವೆಯ ಕೆಲಸ

ಇಂಜಿನ್ ಸುಡುವುದು ಇಂಧನವನ್ನಾದರೂ ಅದು ಹೆಚ್ಚಾಗಿ ಸೇವಿಸುವುದು ಗಾಳಿಯನ್ನು. 1,200 ಸಿ.ಸಿ. ಸಾಮರ್ಥ್ಯದ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದ್ದರೆ, ಲೆಕ್ಕದ ಪ್ರಕಾರ ನಿಮಿಷಕ್ಕೆ ಗರಿಷ್ಠ 1,800 ಲೀಟರ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಳವ್ಯಾಸ 60 ಮಿ.ಮೀ. ಇರುವ ಕೊಳವೆಯಲ್ಲಿ ಈ ಗಾಳಿಯ ವೇಗ ಸೆಕೆಂಡಿಗೆ ಸುಮಾರು 10 ಮೀಟರ್ ಆಗುತ್ತದೆ. ವ್ಯಾಸವನ್ನು 50 ಮಿ.ಮೀ.ಗೆ ಇಳಿಸಿದರೆ ಅದೇ ಗಾಳಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ನುಗ್ಗಬೇಕಾಗುತ್ತದೆ. ಆದ್ದರಿಂದ ಹೊಸ ಕೊಳವೆಯ ಯಾವುದೇ ಭಾಗವು ಮೂಲ ಕೊಳವೆಗಿಂತ ಕಿರಿದಾಗಿರಬಾರದು ಮತ್ತು ತಿರುವುಗಳು ಕಡಿದಾಗಿರಬಾರದು.

ಗಾಳಿಯ ಉಷ್ಣತೆಯೂ ಅಷ್ಟೇ ಮುಖ್ಯ. ಪಾವಗಡದ ಬೇಸಿಗೆಯಲ್ಲಿ ಹೊರಗಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ಇದ್ದು, ಬಾನೆಟ್ಟಿನ ಒಳಗಿನ ಗಾಳಿ 70 ಡಿಗ್ರಿ ಇದೆಯೆಂದು ಭಾವಿಸಿದರೆ, ಒಳಗಿನ ಬಿಸಿ ಗಾಳಿಯ ಸಾಂದ್ರತೆ ಹೊರಗಿನದಕ್ಕಿಂತ ಸುಮಾರು ಶೇ. 9ರಷ್ಟು ಕಡಿಮೆ. ಅಂದರೆ ಅಷ್ಟೇ ಗಾತ್ರದ ಗಾಳಿಯಲ್ಲಿ ಆಮ್ಲಜನಕವೂ ಅಷ್ಟು ಕಡಿಮೆ. ಮೂಲ ಕೊಳವೆಯ ಬಾಯಿಯನ್ನು ತಯಾರಕರು ರೇಡಿಯೇಟರಿನ ಮುಂದೆ ಅಥವಾ ಮಡ್‌ಗಾರ್ಡಿನ ಬದಿಯಲ್ಲಿ ಇಟ್ಟಿರುವುದು ಇದೇ ಕಾರಣಕ್ಕೆ. ಇದನ್ನು ತೆಗೆದು, ಶಂಕುವಿನಾಕಾರದ ತೆರೆದ ಫಿಲ್ಟರನ್ನು ಇಂಜಿನ್ ಪಕ್ಕದಲ್ಲಿಯೇ ಸಿಕ್ಕಿಸಿಕೊಳ್ಳುವವರು ಹೆಚ್ಚಿನ ಶಬ್ದವನ್ನು ಹೆಚ್ಚಿನ ಶಕ್ತಿಯೆಂದು ಭಾವಿಸುವ ಸಂಭವವಿರುತ್ತದೆ. ವಾಸ್ತವವಾಗಿ ಇಂಜಿನ್‌ಗೆ ದೊರೆಯುವುದು ಬಿಸಿ ಗಾಳಿ.

ಕಾರ್ಬನ್ ಫೈಬರ್‌ನಿಂದ ಲಾಭವೆಷ್ಟು

ಕಾರ್ಬನ್ ಫೈಬರ್ ಎಂದರೆ ಕೂದಲಿಗಿಂತಲೂ ತೆಳುವಾದ ಇಂಗಾಲದ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಎಪಾಕ್ಸಿ ರಾಳದಲ್ಲಿ ತೋಯಿಸಿ ಗಟ್ಟಿಗೊಳಿಸಿದ ವಸ್ತು. ಕರ್ನಾಟಕಕ್ಕೆ ಇದು ಅಪರಿಚಿತವಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಇಂತಹ ಸಂಯುಕ್ತ ವಸ್ತುಗಳದ್ದಾಗಿದ್ದು, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಈ ಕ್ಷೇತ್ರದಲ್ಲಿ ದೀರ್ಘಕಾಲದಿಂದ ಕಾರ್ಯನಿರ್ವಹಿಸುತ್ತಿದೆ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿಂದಾಗಿ ಇದರ ಹೆಸರು ಗ್ರಾಮಾಂತರ ಯುವಕರಿಗೂ ಪರಿಚಿತವಾಗಿದೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆಗಳಲ್ಲಿ ಪೆಟ್ರೋಲ್ ಕಾರಿನ ಇಂಜಿನ್‌ಗೆ ಹೋಗುವ ಗಾಳಿಯೆಲ್ಲವೂ 20 ಮಿ.ಮೀ. ವ್ಯಾಸದ ಒಂದೇ ರಂಧ್ರದ ಮೂಲಕ ಸಾಗಬೇಕೆಂಬ ನಿಯಮವಿರುವುದರಿಂದ, ಅಲ್ಲಿ ಗಾಳಿ ಕೊಳವೆಯ ಆಕಾರವನ್ನು ಕಾರ್ಬನ್ ಫೈಬರ್‌ನಲ್ಲಿ ಸೂಕ್ಷ್ಮವಾಗಿ ರೂಪಿಸುವುದಕ್ಕೆ ಅರ್ಥವಿದೆ.

ರಸ್ತೆಯ ಮೇಲಿನ ಕಾರಿಗೆ ಬಂದರೆ ಲೆಕ್ಕ ಬೇರೆ. 60 ಸೆಂ.ಮೀ. ಉದ್ದ, 60 ಮಿ.ಮೀ. ವ್ಯಾಸದ ಕೊಳವೆಯನ್ನು ಎರಡೂವರೆ ಮಿ.ಮೀ. ದಪ್ಪದ ಪ್ಲಾಸ್ಟಿಕ್‌ನಲ್ಲಿ ಮಾಡಿದರೆ ಸುಮಾರು 250 ಗ್ರಾಂ, ಒಂದು ಮಿ.ಮೀ. ದಪ್ಪದ ಕಾರ್ಬನ್ ಫೈಬರ್‌ನಲ್ಲಿ ಮಾಡಿದರೆ ಸುಮಾರು 175 ಗ್ರಾಂ ತೂಗುತ್ತದೆ. ಉಳಿತಾಯ 75 ಗ್ರಾಂ. ಅಲ್ಯೂಮಿನಿಯಂ ಕೊಳವೆಗೆ ಹೋಲಿಸಿದಲ್ಲಿ ಕಾರ್ಬನ್ ಫೈಬರ್ ಶಾಖವನ್ನು ಬಹಳ ಕಡಿಮೆ ಒಳಬಿಡುತ್ತದೆ ಎಂಬುದು ನಿಜ. ಆದರೆ ಮೂಲ ಪ್ಲಾಸ್ಟಿಕ್ ಕೊಳವೆಯೂ ಅದೇ ಗುಣವನ್ನು ಹೊಂದಿದೆ. ಅಲ್ಲದೆ ಮೇಲೆ ಹೇಳಿದ ವೇಗದಲ್ಲಿ ಗಾಳಿಯು ಕೊಳವೆಯೊಳಗೆ ಇರುವುದು 0.06 ಸೆಕೆಂಡು ಮಾತ್ರವಾದುದರಿಂದ, ಕೊಳವೆಯ ವಸ್ತುವಿಗಿಂತ ಅದರ ಬಾಯಿ ಎಲ್ಲಿದೆ ಎಂಬುದೇ ಹೆಚ್ಚು ಪರಿಣಾಮಕಾರಿ. ಮೂಲ ಕೊಳವೆ ಒಡೆದು ಬಿಡಿಭಾಗ ದೊರೆಯದ ಹಳೆಯ ಕಾರುಗಳಿಗೆ ಈ ವಿಧಾನ ನಿಜಕ್ಕೂ ಉಪಯುಕ್ತ. ಮೈಲೇಜ್ ಹೆಚ್ಚುತ್ತದೆ ಎಂಬ ಭರವಸೆಯ ಮೇಲೆ ಹಣ ವ್ಯಯಿಸುವುದು ಸೂಕ್ತವಲ್ಲ.

ತಯಾರಿಸುವ ಕ್ರಮ

ಮೊದಲು ಮೂಲ ಕೊಳವೆಯ ಉದ್ದ, ತಿರುವು ಹಾಗೂ ಎರಡೂ ತುದಿಗಳ ವ್ಯಾಸವನ್ನು ಅಳೆದು, ಬ್ಯಾಟರಿ, ಫ್ಯಾನ್, ಬೆಲ್ಟ್ ಮತ್ತು ಬಿಸಿಯಾದ ಸೈಲೆನ್ಸರ್ ಕೊಳವೆಗಳಿಂದ ಅದು ಎಷ್ಟು ದೂರವಿದೆ ಎಂಬುದನ್ನು ಗುರುತಿಸಿಕೊಳ್ಳತಕ್ಕದ್ದು. ನಂತರ ಕೊಳವೆಯ ಒಳಗಿನ ಟೊಳ್ಳಿನ ಆಕಾರದಲ್ಲಿಯೇ ಥರ್ಮೋಕೋಲ್‌ನ ಅಚ್ಚನ್ನು ಕೆತ್ತಿ ಉಪ್ಪುಕಾಗದದಿಂದ ನಯಗೊಳಿಸಿ, ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಸುತ್ತಿ, ಅದರ ಮೇಲೆ ಮೇಣ ಸವರಬೇಕು. ಅಚ್ಚಿನಲ್ಲಿ ಉಳಿದ ಪ್ರತಿ ತಗ್ಗು ಉಬ್ಬೂ ಕೊಳವೆಯ ಒಳಮೈಯಲ್ಲಿ ಮೂಡುತ್ತದೆ. ಥರ್ಮೋಕೋಲ್ ಬಳಸುವಾಗ ಎಪಾಕ್ಸಿ ರಾಳವನ್ನೇ ಬಳಸಬೇಕು. ಅಗ್ಗವಾಗಿ ಸಿಗುವ ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ.

ಚದರ ಮೀಟರಿಗೆ 200 ಗ್ರಾಂ ತೂಗುವ, ಓರೆ ನೇಯ್ಗೆಯ ಬಟ್ಟೆ ತಿರುವುಗಳ ಮೇಲೆ ಚೆನ್ನಾಗಿ ಕೂರುತ್ತದೆ. ಅದನ್ನು ಎಳೆಗಳಿಗೆ 45 ಡಿಗ್ರಿ ಓರೆಯಾಗಿ ಪಟ್ಟಿಗಳಂತೆ ಕತ್ತರಿಸಿ ಸುತ್ತಿದರೆ ಇನ್ನೂ ಅನುಕೂಲ. ಇಂತಹ ನಾಲ್ಕು ಪದರಗಳಿಂದ ಸುಮಾರು ಒಂದು ಮಿ.ಮೀ. ದಪ್ಪ ಬರುತ್ತದೆ. ರಾಳ ಮತ್ತು ಹಾರ್ಡನರ್‌ಗಳನ್ನು ಕಣ್ಣಳತೆಯಿಂದ ಬೆರೆಸದೆ, ತಯಾರಕರು ಸೂಚಿಸಿದ ಪ್ರಮಾಣದಲ್ಲಿ ತಕ್ಕಡಿಯಲ್ಲಿ ತೂಗಿಯೇ ಬೆರೆಸತಕ್ಕದ್ದು. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಪ್ರಮಾಣ ಕೆಟ್ಟ ರಾಳವು ಎಂದಿಗೂ ಪೂರ್ಣವಾಗಿ ಗಟ್ಟಿಯಾಗುವುದಿಲ್ಲ. ಬೆರೆಸಿದ ರಾಳವನ್ನು ಬಟ್ಟಲಿನಲ್ಲಿ ಒಟ್ಟಾಗಿ ಬಿಟ್ಟರೆ ತನ್ನ ಶಾಖದಿಂದಲೇ ಕುದಿದು ಹೊಗೆಯಾಡುವುದರಿಂದ, ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಬೆರೆಸಿಕೊಳ್ಳುವುದು ಲೇಸು. ಪದರಗಳನ್ನು ಸುತ್ತಿದ ಮೇಲೆ ಶಾಖಕ್ಕೆ ಕುಗ್ಗುವ ಟೇಪನ್ನು ಬಿಗಿಯಾಗಿ ಸುತ್ತಿ ಹದವಾಗಿ ಬಿಸಿಗಾಳಿ ಹಾಯಿಸಿದರೆ ಹೆಚ್ಚುವರಿ ರಾಳ ಮತ್ತು ಗುಳ್ಳೆಗಳು ಹೊರಬರುತ್ತವೆ. ಕನಿಷ್ಠ 24 ಗಂಟೆಗಳ ನಂತರ ಅಸಿಟೋನ್ ಸುರಿದು ಅಚ್ಚನ್ನು ಕರಗಿಸಿ, ಒಳಗಿನ ಟೇಪನ್ನು ಎಳೆದು ತೆಗೆದು, ಬೆಳಕು ಹಾಯಿಸಿ ನೋಡಬೇಕು. ಒಳಗೆ ಉಳಿದ ಟೇಪಿನ ಚೂರು ನೇರವಾಗಿ ಇಂಜಿನ್ ಸೇರುತ್ತದೆ.

ಈ ಹಂತದಲ್ಲಿ ಕೊಳವೆ ಸಿದ್ಧವಾದಂತೆ ಕಾಣುತ್ತದೆ, ಆದರೆ ಆಗಿರುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿಯು 50-60 ಡಿಗ್ರಿಯ ಆಸುಪಾಸಿನಲ್ಲಿಯೇ ಮೆದುವಾಗಲಾರಂಭಿಸುತ್ತದೆ. ಕಾರನ್ನು ಬಿಸಿಲಿನಲ್ಲಿ ಓಡಿಸಿ ನಿಲ್ಲಿಸಿದಾಗ ಬಾನೆಟ್ಟಿನ ಒಳಗೆ ಇದಕ್ಕಿಂತ ಹೆಚ್ಚು ಶಾಖವಿರುತ್ತದೆ. ಆದ್ದರಿಂದ ಶಾಖ ತಡೆಯುವ ದರ್ಜೆಯ ರಾಳವನ್ನು ಆರಿಸಿ, ತಯಾರಕರ ವಿವರಣೆಯಂತೆ ಹಂತ ಹಂತವಾಗಿ ಉಷ್ಣತೆಯನ್ನು ಏರಿಸಿ ಕೊಳವೆಯನ್ನು ಕೆಲವು ಗಂಟೆಗಳ ಕಾಲ ಬೇಯಿಸುವುದು ಅವಶ್ಯ. ಅಡುಗೆಗೆ ಬಳಸುವ ಓವನ್ನನ್ನು ಇದಕ್ಕೆ ಬಳಸಕೂಡದು. ಈ ಒಂದು ಹಂತವನ್ನು ಕೈಬಿಟ್ಟ ಕೊಳವೆ ಇಂಜಿನ್‌ನ ಎಳೆತಕ್ಕೆ ಒಳಕ್ಕೆ ಕುಸಿಯಬಹುದು, ಅಥವಾ ಕ್ಲಾಂಪಿನ ಬಿಗಿತಕ್ಕೆ ಬಾಗಿ ಸಂದು ಬಿಡಬಹುದು.

ಕೈಗವಸು, ಕನ್ನಡಕ ಮತ್ತು ಸೂಕ್ತ ಮುಖಗವಸು ಇಲ್ಲದೆ ಈ ಕೆಲಸ ಮಾಡಬಾರದು. ಎಪಾಕ್ಸಿ ಹಾರ್ಡನರ್ ಪದೇಪದೇ ಚರ್ಮಕ್ಕೆ ತಗುಲಿದರೆ ಶಾಶ್ವತವಾದ ಅಲರ್ಜಿ ಉಂಟಾಗಬಹುದು. ಉಜ್ಜುವಾಗ ಏಳುವ ಧೂಳನ್ನು ತಡೆಯಲು ನೀರು ಹಾಕಿ ಉಜ್ಜಬೇಕು. ಅಸಿಟೋನ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವವಾದುದರಿಂದ ಒಲೆ, ಬೀಡಿ, ದೀಪಗಳಿರುವ ಜಾಗದಲ್ಲಿ ತೆರೆಯಕೂಡದು.

ಜೋಡಣೆ ಮತ್ತು ಧೂಳಿನ ಸಮಸ್ಯೆ

ಗಾಳಿ ಕೊಳವೆಗೆ ಎರಡು ಭಾಗಗಳಿವೆ: ಹೊರಗಿನಿಂದ ಏರ್ ಫಿಲ್ಟರಿನವರೆಗೆ ಒಂದು, ಫಿಲ್ಟರಿನಿಂದ ಇಂಜಿನ್‌ವರೆಗೆ ಇನ್ನೊಂದು. ಮೊದಲ ಭಾಗದಲ್ಲಿ ಸಣ್ಣ ರಂಧ್ರವಿದ್ದರೆ ದೊಡ್ಡ ನಷ್ಟವಿಲ್ಲ. ಎರಡನೆಯ ಭಾಗದಲ್ಲಿ ಸೂಜಿಯ ಮೊನೆಯಷ್ಟು ರಂಧ್ರವಿದ್ದರೂ ಶೋಧಿಸದ ಗಾಳಿ ಒಳನುಗ್ಗುತ್ತದೆ. ಕಲ್ಲುಬಂಡೆಗಳ ನಾಡಾದ ಮಧುಗಿರಿ ಸೀಮೆಯ ಮಣ್ಣಿನ ರಸ್ತೆಗಳ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿದ್ದು, ಅವು ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ ರಿಂಗುಗಳು ಸವೆದು ಇಂಜಿನ್ ಆಯಿಲ್ ಕುಡಿಯಲಾರಂಭಿಸಿದ ಮೇಲೆ ಕಾರಣ ಹುಡುಕಿ ಫಲವಿಲ್ಲ. ಕೈಯಿಂದ ರಾಳ ಸವರಿ ಮಾಡಿದ ಕೊಳವೆಯಲ್ಲಿ ಇಂತಹ ರಂಧ್ರಗಳು ಸಾಮಾನ್ಯವಾದುದರಿಂದ, ಎರಡೂ ತುದಿಗಳನ್ನು ಮುಚ್ಚಿ, ಸೈಕಲ್ ಪಂಪಿನಿಂದ ಅಲ್ಪ ಒತ್ತಡ ನೀಡಿ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೋಡುವಂತೆಯೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆಗಳನ್ನು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಇಂಜಿನ್ ತನ್ನ ರಬ್ಬರ್ ಆಧಾರಗಳ ಮೇಲೆ ಸದಾ ಅಲುಗಾಡುತ್ತಿರುತ್ತದೆ. ಫಿಲ್ಟರ್ ಪೆಟ್ಟಿಗೆಯನ್ನು ಹಲವು ಕಾರುಗಳಲ್ಲಿ ಬಾಡಿಗೆ ಬಿಗಿದಿರುತ್ತಾರೆ. ಇವೆರಡರ ನಡುವೆ ಬಾಗದ ಕೊಳವೆಯನ್ನು ನೇರವಾಗಿ ಬಿಗಿದರೆ ಅದು ಸೀಳಿ, ಚೂರುಗಳು ಇಂಜಿನ್ ಸೇರುವ ಅಪಾಯವಿದೆ. ಮೂಲ ಕೊಳವೆಯ ಮಡಿಕೆಯಿರುವ ರಬ್ಬರ್ ಭಾಗವನ್ನು ಅಥವಾ ಸಿಲಿಕೋನ್ ತೋಳನ್ನು ಉಳಿಸಿಕೊಳ್ಳತಕ್ಕದ್ದು. ಇದರಿಂದ ಇನ್ನೊಂದು ಪ್ರಯೋಜನವೂ ಇದೆ: ಕಾರ್ಬನ್ ಅಲ್ಯೂಮಿನಿಯಂಗೆ ನೇರವಾಗಿ ತಾಗಿದಲ್ಲಿ ತೇವಾಂಶದಿಂದ ಅಲ್ಯೂಮಿನಿಯಂ ಕೊರೆದುಹೋಗುವುದು ತಪ್ಪುತ್ತದೆ. ಕಾರ್ಬನ್ ವಿದ್ಯುತ್ತನ್ನು ಹರಿಸುವುದರಿಂದ ಬ್ಯಾಟರಿಯ ತುದಿಗಳಿಂದ ಅದನ್ನು ದೂರವಿಡಬೇಕು. ಇಂಜಿನ್‌ನ ಆಯಿಲ್ ಆವಿಯನ್ನು ಗಾಳಿ ಕೊಳವೆಗೆ ಮರಳಿಸುವ ಸಣ್ಣ ಪೈಪನ್ನು ಮುಚ್ಚುವಂತಿಲ್ಲ. ಗಾಳಿಯ ಪ್ರಮಾಣವನ್ನು ಅಳೆಯುವ ಸೆನ್ಸರ್ ಇದ್ದಲ್ಲಿ ಅದರ ಸ್ಥಾನ ಮತ್ತು ಅಲ್ಲಿನ ವ್ಯಾಸವನ್ನು ಬದಲಾಯಿಸುವಂತಿಲ್ಲ. ತಂಪು ಗಾಳಿಯ ಆಸೆಗೆ ಕೊಳವೆಯ ಬಾಯಿಯನ್ನು ಬಂಪರಿನ ಕೆಳಗೆ ಇಳಿಸುವವರು, ಕೆರೆ ಕೋಡಿ ಬಿದ್ದಾಗ ರಸ್ತೆಯ ಮೇಲೆ ಹರಿಯುವ ನೀರನ್ನು ನೆನಪಿಡಬೇಕು. ಒಮ್ಮೆ ನೀರು ಸಿಲಿಂಡರ್ ಸೇರಿದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಕಾನೂನಿನ ಅಂಶಗಳು ಮತ್ತು ಅರ್ಜಿದಾರರಿಗೆ ಸೂಚನೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಮೇರೆಗೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿದಿದೆ. ಸದರಿ ಕಲಮಿನ ವಿವರಣೆಯಂತೆ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣವೇ ಬದಲಾಗುವಂತಹ ರಚನೆಯ ಬದಲಾವಣೆ. ಒಡೆದ ಕೊಳವೆಯ ಬದಲಿಗೆ ಅದೇ ಅಳತೆ, ಅದೇ ಸ್ಥಾನದ ಕೊಳವೆಯನ್ನು ಹಾಕುವುದಕ್ಕೂ, ಬಾನೆಟ್ಟನ್ನು ಕೊರೆದು ಗಾಳಿ ಬಾಯಿ ತೆರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮಾಲೀಕರು ಇದರಿಂದ ಗ್ರಹಿಸಬಹುದು. ಸಂದೇಹವಿದ್ದಲ್ಲಿ ಕೆಲಸ ಆರಂಭಿಸುವ ಮೊದಲೇ ಮಧುಗಿರಿಯ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಗೆ ನೋಂದಣಿ ಪತ್ರದ ಪ್ರತಿ ಹಾಗೂ ಉದ್ದೇಶಿತ ಬದಲಾವಣೆಯ ವಿವರಗಳೊಂದಿಗೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ. ಇದಕ್ಕೆ ಮಧ್ಯವರ್ತಿಗಳ ಅಗತ್ಯವಿಲ್ಲ. 2019ರ ತಿದ್ದುಪಡಿಯಿಂದ ಬದಲಾದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ವಾಹನ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿಗಳ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಕೊಳವೆ ಬದಲಾಯಿಸಿದ ನಂತರ, ಚಾಲ್ತಿಯಲ್ಲಿರುವ ಪ್ರಮಾಣಪತ್ರದ ಅವಧಿ ಮುಗಿದಿಲ್ಲದಿದ್ದರೂ ಸಹ, ಹೊಗೆ ತಪಾಸಣೆಯನ್ನು ಮತ್ತೊಮ್ಮೆ ಮಾಡಿಸಿಕೊಳ್ಳಲು ಕೋರಲಾಗಿದೆ. ವಿಮಾ ಕಂಪನಿಗೂ ಬದಲಾವಣೆಯ ಬಗ್ಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆದಿರಬೇಕು. 15 ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸುವ ಮಾಲೀಕರು, ವಾಹನವನ್ನು ತಪಾಸಣೆಗೆ ತರುವಾಗ ಮೂಲ ಕೊಳವೆ, ಫಿಲ್ಟರ್ ಪೆಟ್ಟಿಗೆ ಮತ್ತು ಕ್ಲಾಂಪುಗಳನ್ನು ಜೊತೆಯಲ್ಲಿ ತರುವುದು ಒಳ್ಳೆಯದು. ನಿರೀಕ್ಷಕರು ಹೊಸ ಕೊಳವೆಯನ್ನು ಒಪ್ಪದಿದ್ದಲ್ಲಿ ಸ್ಕ್ರೂಡ್ರೈವರ್ ಒಂದರಿಂದ ಅದನ್ನು ಬದಲಿಸಬಹುದು. ಗುಜರಿಗೆ ಹಾಕಿದ ಹಳೆಯ ಮಾದರಿಯ ಕೊಳವೆ ಮತ್ತೆ ದೊರೆಯುವುದು ಕಷ್ಟ.